ಬೈಬಲನ್ನು ನೀವೇ ಓದಿ ಕ್ರೈಸ್ತ ವಿಶ್ವಾಸದ ಕಡೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರೇ ಕೂತು ಬೈಬಲ್ ಓದಲು ಶುರುಮಾಡಿದವರಿಗೆ, ಶುರುಮಾಡಿ ನಡುವೆ ಬಿಟ್ಟವರಿಗೆ, ಕ್ರೈಸ್ತ ಮನೆತನದಲ್ಲೇ ಹುಟ್ಟಿದ್ದರೂ ಒಂದು ಪುಸ್ತಕವನ್ನೂ ಮೊದಲಿಂದ ಕೊನೆಯವರೆಗೆ ಓದದವರಿಗೆ ಈ ಪುಟ.

ಎಲ್ಲಿಂದ ಓದಲು ಶುರುಮಾಡಬೇಕು? ಮೊದಲ ಪುಟದಿಂದಲೇ ಅಲ್ಲವೇ?

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಸುವಾರ್ತೆ ಎಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಗಟ್ಟಿಯಾಗಿ ಓದಿದರೂ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಮೊದಲ ಪುಟದಿಂದ ಹೊರಟವರು ನಿಲ್ಲುವ ಜಾಗ ಹೆಚ್ಚುಕಡಿಮೆ ಒಂದೇ. ಆದಿಕಾಂಡದ 50 ಅಧ್ಯಾಯ ಕಥೆಯ ಓಟದಲ್ಲಿ ಸಾಗುತ್ತವೆ. ವಿಮೋಚನಕಾಂಡದ ಮೊದಲ 20 ಅಧ್ಯಾಯವೂ ಹಾಗೆಯೇ. 25ನೆಯ ಅಧ್ಯಾಯಕ್ಕೆ ಬಂದಾಗ ಆರಾಧನೆಯ ಗುಡಾರದ ಅಳತೆಗಳು ಎದುರಾಗುತ್ತವೆ: ಅದರೊಳಗಿನ ಪವಿತ್ರ ಪೆಟ್ಟಿಗೆಯಾದ ಮಂಜೂಷ ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದೂವರೆ ಮೊಳ ಎತ್ತರ. ಆಮೇಲೆ ಯಾಜಕಕಾಂಡದ 27 ಅಧ್ಯಾಯ, ಹೆಚ್ಚಾಗಿ ಯಜ್ಞ, ಶುದ್ಧಿಯ ನಿಯಮ. ಪುಸ್ತಕ ಅಲ್ಲಿಗೆ ಕಪಾಟು ಸೇರುತ್ತದೆ. ಆ ಅಳತೆಗಳಿಗೆ ಅರ್ಥವಿಲ್ಲವೆಂದಲ್ಲ. ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯ ಓದಿದ ಮೇಲೆ ಅವು ಯಾಕಿವೆ ಎಂದು ತಿಳಿಯುತ್ತದೆ. ಕ್ರೈಸ್ತ ವಿಶ್ವಾಸದ ನಡುಗಂಬ ಯೇಸು. ಅವರು ಯಾರೆಂದು ಗೊತ್ತಾದ ಮೇಲೆ ಹಳೆಯ ಒಡಂಬಡಿಕೆಗೆ, ಅಂದರೆ ಬೈಬಲಿನಲ್ಲಿ ಯೇಸುವಿಗೆ ಮುಂಚಿನ ಭಾಗಕ್ಕೆ, ಹೋದರೆ ದಾರಿ ಕಾಣುತ್ತದೆ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಮಾತ್ರ ಶುರುಮಾಡಬೇಡಿ. ಅದರ ಮೃಗಗಳು, ಮುದ್ರೆಗಳು, ಸಂಖ್ಯೆಗಳೆಲ್ಲ ಹಳೆಯ ಒಡಂಬಡಿಕೆಯ ಪ್ರವಾದಿಗಳಾದ ದಾನಿಯೇಲ, ಯೆಹೆಜ್ಕೇಲ, ಜೆಕರ್ಯ ಇವರ ಭಾಷೆಯಲ್ಲಿವೆ. ಆ ಭಾಷೆ ಗೊತ್ತಿಲ್ಲದೆ ಓದಿದರೆ ಉಳಿಯುವುದು ಭಯ ಅಥವಾ ಊಹಾಪೋಹ.

ಕನ್ನಡದಲ್ಲಿ ಯಾವ ಅನುವಾದ ಒಳ್ಳೆಯದು?

ಹೆಚ್ಚಿನ ಪ್ರಾಟೆಸ್ಟಂಟ್ ಸಭೆಗಳಲ್ಲಿ (ಚರ್ಚುಗಳಲ್ಲಿ) ಓದುವುದು ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ, ಅಂಗಡಿಯಲ್ಲಿ ಜೆ.ವಿ. ಎನ್ನುತ್ತಾರೆ. ಮೂಲದ ವಾಕ್ಯಕ್ಕೆ ಹತ್ತಿರ ನಿಲ್ಲುತ್ತದೆ, ಕನ್ನಡ ಗಂಭೀರ, ಸ್ವಲ್ಪ ಹಳೆಯದು. ಅದೇ ಸೊಸೈಟಿಯ ಸಿ.ಎಲ್. ಆವೃತ್ತಿ ಆಡುಮಾತಿಗೆ ಹತ್ತಿರ. ಎರಡನ್ನೂ ಪಕ್ಕದಲ್ಲಿಟ್ಟರೆ ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸ ಕ್ರಿಯಾಪದದ್ದು: ಹಳೆಯದರಲ್ಲಿ ಯೇಸು ‘ಹೇಳಿದನು’, ಹೊಸದರಲ್ಲಿ ‘ಹೇಳಿದರು’. ಮೊದಲ ಓದಿಗೆ ಸಿ.ಎಲ್., ಆಳವಾಗಿ ಅಭ್ಯಾಸ ಮಾಡುವಾಗ ಜೆ.ವಿ., ಹೀಗೆ ಎರಡನ್ನೂ ಬಳಸುವುದು ನಮ್ಮ ಸಲಹೆ.

ಫೋನಿನ ಬೈಬಲ್ ಆಪ್‌ಗಳಲ್ಲಿ ಎರಡೂ ಉಚಿತವಾಗಿ ಸಿಗುತ್ತವೆ. ಆದರೂ ಮೊದಲ ಓದಿಗೆ ಅಚ್ಚಿನ ಪುಸ್ತಕವೇ ಇರಲಿ. ಫೋನಿನಲ್ಲಿ ಹುಡುಕಿದರೆ ಒಂದೇ ವಚನ (ಅಂಕಿ ಹಾಕಿದ ಒಂದು ಸಾಲು) ಎದ್ದು ನಿಲ್ಲುತ್ತದೆ, ಅದರ ಹಿಂದುಮುಂದು ಕಾಣುವುದಿಲ್ಲ. ಬೈಬಲಿನ ಹಾಳೆ ತೆಳು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ. ಗೆರೆ ಎಳೆಯಲು ಪೆನ್ಸಿಲ್ ಬಳಸಿ.

ಒಂದರಲ್ಲಿ 66 ಪುಸ್ತಕ, ಇನ್ನೊಂದರಲ್ಲಿ 73. ಯಾವುದು ಸರಿ?

ಹೊಸ ಒಡಂಬಡಿಕೆ ಎರಡರಲ್ಲೂ ಒಂದೇ, 27 ಪುಸ್ತಕ. ಹಳೆಯ ಒಡಂಬಡಿಕೆ ಪ್ರಾಟೆಸ್ಟಂಟರಲ್ಲಿ 39, ಕಥೋಲಿಕರಲ್ಲಿ 46. ಈಗ ಈ ಪ್ರಶ್ನೆಯ ಮೇಲೆ ಸಮಯ ಕಳೆಯಬೇಡಿ. ನೀವು ಓದಬೇಕಾದ ಸುವಾರ್ತೆಗಳು ಎರಡರಲ್ಲೂ ಇವೆ.

ದಿನಕ್ಕೆ ಎಷ್ಟು ಓದಬೇಕು? ಹೇಗೆ?

ರಜೆಯ ದಿನ ಒಮ್ಮೆ ಮಾರ್ಕನನ್ನು ಒಂದೇ ಕೂತಲ್ಲಿ ಪೂರ್ತಿ ಓದಿ. ಟಿಪ್ಪಣಿ ಬೇಡ, ಅರ್ಥವಾಗದ ಕಡೆ ನಿಲ್ಲುವುದೂ ಬೇಡ. ಮರುದಿನದಿಂದ ದಿನಕ್ಕೆ 10–15 ವಚನ, 20–25 ನಿಮಿಷ. ಸುಮಾರು 670 ವಚನಗಳಿರುವುದರಿಂದ ಈ ಲೆಕ್ಕದಲ್ಲಿ ಎಂಟು ವಾರ ಬೇಕು. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಯೋಜನೆಗಳಿವೆ, ದಿನಕ್ಕೆ ಮೂರು-ನಾಲ್ಕು ಅಧ್ಯಾಯ. ಹೊಸಬರಿಗೆ ಅದು ಭಾರ. ನಾಲ್ಕು ದಿನ ತಪ್ಪಿದರೆ ಹದಿಮೂರು ಅಧ್ಯಾಯ ಬಾಕಿ ಬೀಳುತ್ತದೆ, ಆಮೇಲೆ ಓದು ಸಾಲ ತೀರಿಸಿದಂತಾಗುತ್ತದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಅಂದಿನ ಭಾಗವನ್ನು ಎರಡು ಸಲ ಓದಿ, ಒಂದು ಸಲ ಬಾಯಿಬಿಟ್ಟು. ಎಡಪುಟದಲ್ಲಿ ಅಲ್ಲಿ ಇರುವುದನ್ನು ಮಾತ್ರ ಬರೆಯಿರಿ: ಯಾರು, ಎಲ್ಲಿ, ಯಾರಿಗೆ ಏನು ಹೇಳಿದರು, ನಿರೀಕ್ಷಿಸದ್ದು ಏನಾಯಿತು. ಬಲಪುಟದಲ್ಲಿ ಮೂರು ವಿಷಯ: ಅರ್ಥವಾಗದ್ದು, ಇಲ್ಲಿ ಯೇಸು ಯಾರೆಂದು ಕಾಣುತ್ತದೆ, ಇದು ನನ್ನಿಂದ ಏನನ್ನು ಕೇಳುತ್ತದೆ. ಹೆಚ್ಚಿನವರು ಎಡಪುಟ ಖಾಲಿ ಬಿಟ್ಟು ನೇರವಾಗಿ ‘ನನಗೇನು’ ಎನ್ನುವುದಕ್ಕೆ ಹಾರುತ್ತಾರೆ. ಆಗ ಪುಸ್ತಕ ಹೇಳಿದ್ದು ಕೇಳಿಸುವುದಿಲ್ಲ, ನಮ್ಮ ಮನಸ್ಸಿನಲ್ಲಿದ್ದದ್ದೇ ಮರಳಿ ಕೇಳಿಸುತ್ತದೆ.

ಅಧ್ಯಾಯದ ಅಂಕಿಗಳನ್ನು ನಂಬಿ ನಿಲ್ಲಬೇಡಿ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರವು. ಬರೆದವರು ಅವನ್ನು ಹಾಕಿರಲಿಲ್ಲ. ಮಾರ್ಕ 9:1, ಅಂದರೆ 9ನೆಯ ಅಧ್ಯಾಯದ 1ನೆಯ ವಚನ, ಹಿಂದಿನ ಅಧ್ಯಾಯದ ಮಾತಿಗೆ ಸೇರಿದ್ದು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುತ್ತದೆ.

ಒಂದು ಭಾಗವನ್ನು ಹೀಗೆ ಓದಿ ತೋರಿಸುತ್ತೀರಾ?

ಮಾರ್ಕ 2:1–12 ತೆಗೆಯಿರಿ. ಕಪೆರ್ನೌಮಿನ ಒಂದು ಮನೆ, ಬಾಗಿಲ ತನಕ ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ, ಒಳಗೆ ಹೋಗಲಾಗದೆ ಮೇಲೆ ಹತ್ತಿ ಚಾವಣಿ ತೆಗೆದು ಅವನನ್ನು ಇಳಿಬಿಡುತ್ತಾರೆ. ಮಲೆನಾಡಿನ ಓದುಗರಿಗೆ ಇದು ಕಣ್ಣಿಗೆ ಕಟ್ಟುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಥಟ್ಟನೆ ಹೊಳೆಯುತ್ತದೆ: ತೊಲೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು, ಹತ್ತಲು ಮೆಟ್ಟಿಲು. ಮಾಳಿಗೆ ಅಗೆದರೆ ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಸುರಿಯುತ್ತದೆ. ಆದರೂ ಯಾರೂ ಗದರಿದ ಮಾತು ಅಲ್ಲಿಲ್ಲ.

ಈಗ 5ನೆಯ ವಚನ. ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು, ಹೊತ್ತವರದ್ದನ್ನೂ ಸೇರಿಸಿ. ಹೇಳಿದ್ದು ‘ಎದ್ದು ನಡೆ’ ಎಂದಲ್ಲ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ಯಾರೂ ಅದನ್ನು ಕೇಳಿರಲಿಲ್ಲ. ಎಡಪುಟದಲ್ಲಿ ಇಲ್ಲೊಂದು ಗೆರೆ ಎಳೆಯಿರಿ. ಅಲ್ಲಿದ್ದ ಶಾಸ್ತ್ರಿಗಳಿಗೆ ಕೂಡಲೇ ಎದ್ದ ಆಕ್ಷೇಪ ನ್ಯಾಯವಾದದ್ದೇ: ದೇವರೊಬ್ಬನೇ ಹೊರತು ಪಾಪವನ್ನು ಕ್ಷಮಿಸುವವರು ಯಾರು? ನನಗೆ ಮಾಡಿದ ತಪ್ಪನ್ನು ನಾನು ಕ್ಷಮಿಸಬಹುದು. ನಿಮಗೆ ಮಾಡಿದ ತಪ್ಪನ್ನು ಮೂರನೆಯವನು ಬಂದು ಕ್ಷಮಿಸಿದೆ ಎಂದರೆ ಅವನು ಯಾರು? ಯೇಸು ಆ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ರೋಗಿಯನ್ನು ಎಲ್ಲರೆದುರು ಗುಣಪಡಿಸಿ, ಕಣ್ಣಿಗೆ ಕಾಣದ ಕ್ಷಮೆಗೆ ಅದನ್ನೇ ಸಾಕ್ಷಿಯಾಗಿ ಕೊಡುತ್ತಾರೆ, ತಮ್ಮನ್ನು ‘ಮನುಷ್ಯಕುಮಾರ’ ಎಂದು ಕರೆದುಕೊಳ್ಳುತ್ತಾರೆ. ಆ ಹೆಸರಿನ ಹಿಂದೆ ದಾನಿಯೇಲ 7:13–14 ಇದೆ. ಅಲ್ಲಿಗೆ ಹೋಗಿ ಓದಿ ಬನ್ನಿ.

ಬಲಪುಟದಲ್ಲಿ ಬರೆಯಬೇಕಾದ ಪ್ರಶ್ನೆ ಈಗ ತಾನಾಗಿ ಬರುತ್ತದೆ: ಈ ಮನುಷ್ಯನಿಗೆ ನನ್ನನ್ನೂ ಕ್ಷಮಿಸುವ ಅಧಿಕಾರ ಇದೆಯೇ? ಹನ್ನೆರಡು ವಚನ ಓದಿ ಇಲ್ಲಿಗೆ ಬಂದರೆ ಅಂದಿನ ಓದು ಚೆನ್ನಾಗಿ ಆಯಿತು. ಉತ್ತರ ಅಂದೇ ಬರೆಯಬೇಕಾಗಿಲ್ಲ.

ಕೆಲವು ಪದಗಳು ಗೊಂದಲ ಮಾಡುತ್ತವೆ. ಅವುಗಳ ಅರ್ಥವೇನು?

ಗೊಂದಲ ಮಾಡುವುದು ಗೊತ್ತಿಲ್ಲದ ಪದಗಳಿಗಿಂತ ಗೊತ್ತಿರುವ ಪದಗಳೇ. ಮೇಲಿನ ‘ಶಾಸ್ತ್ರಿಗಳು’ ನಮ್ಮೂರಿನ ಶಾಸ್ತ್ರಿಗಳಲ್ಲ, ಯೆಹೂದ್ಯರ ಧರ್ಮಶಾಸ್ತ್ರದ ಪಂಡಿತರು. ‘ಸುಂಕದವರು’ ರೋಮನ್ನರ ಆಳ್ವಿಕೆಯಲ್ಲಿ ತೆರಿಗೆ ವಸೂಲಿಗೆ ನಿಂತ ಸ್ವಂತ ಜನ. ಆದ್ದರಿಂದಲೇ ಅವರ ಮೇಲೆ ಅಷ್ಟು ಸಿಟ್ಟು.

‘ಪಾಪ’ ಎಂದರೆ ನಮ್ಮಲ್ಲಿ ಪುಣ್ಯದ ಎದುರಿನ ತಕ್ಕಡಿ; ಪುಣ್ಯ ಹೆಚ್ಚಾದರೆ ಸರಿದೂಗುತ್ತದೆ ಎಂಬ ಭಾವ ಒಳಗೇ ಇರುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಪದದ ಮೂಲಾರ್ಥ ಗುರಿ ತಪ್ಪುವುದು. ಅಲ್ಲಿ ಅದು ದೇವರೊಂದಿಗಿನ ಸಂಬಂಧ ಮುರಿದ ಸ್ಥಿತಿಯೂ ಹೌದು. ಮುರಿದ ಸಂಬಂಧವನ್ನು ಪುಣ್ಯ ಕೂಡಿಸಿ ಸರಿಮಾಡಲಾಗುವುದಿಲ್ಲ, ಕ್ಷಮೆ ಬೇಕು. ಈ ಒಂದು ಪದದ ಅರ್ಥ ಮನಸ್ಸಿನಲ್ಲಿ ಬದಲಾಗದಿದ್ದರೆ ಶಿಲುಬೆ ಯಾಕೆ ಬೇಕಾಯಿತು ಎಂಬುದು ಕೊನೆಯವರೆಗೂ ಅರ್ಥವಾಗದು.

ಹಳೆಯ ಸತ್ಯವೇದದಲ್ಲಿ ಯೋಹಾನ 1:14 ‘ನರಾವತಾರ’ ಎಂಬ ಮಾತನ್ನು ಬಳಸುತ್ತದೆ. ಸುಂದರವಾದ ಕನ್ನಡ, ಆದರೆ ಓದುಗರ ಮನಸ್ಸು ದಶಾವತಾರದ ಕಡೆ ಹೋಗುತ್ತದೆ. ಮೂಲದಲ್ಲಿರುವುದು ‘ವಾಕ್ಯವು ಮಾಂಸವಾಯಿತು’ ಎಂದು. ಒಂದೇ ಸಲ, ಒಂದು ಊರಿನಲ್ಲಿ, ಹಸಿವು ನಿದ್ದೆ ಸಾವುಗಳಿರುವ ದೇಹದಲ್ಲಿ ಎಂಬುದರ ಮೇಲೆ ಅಲ್ಲಿ ಒತ್ತು.

‘ನಂಬಿಕೆ’ಯ ವಿಷಯದಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. ‘ದೇವರಿದ್ದಾನೆಂದು ನಂಬುತ್ತೇನೆ’ ಎಂದೂ ‘ನಿಮ್ಮನ್ನೇ ನಂಬಿದ್ದೇನೆ’ ಎಂದೂ ಒಂದೇ ಪದದಲ್ಲಿ ಹೇಳುತ್ತೇವೆ. ಸುವಾರ್ತೆಗಳು ಕೇಳುವುದು ಈ ಎರಡನೆಯದನ್ನು.

ಪ್ರಾರ್ಥಿಸಿ ಕಣ್ಣುಮುಚ್ಚಿ ಪುಟ ತೆರೆದಾಗ ಸಿಕ್ಕ ವಚನ ದೇವರ ಉತ್ತರವಲ್ಲವೇ?

ಈ ಅಭ್ಯಾಸ ಬೇಡ. ಅದರಿಂದ ಪೆಟ್ಟು ತಿಂದವರು ಬಹಳ. ಯೆರೆಮೀಯ 29:11 ನಿರೀಕ್ಷೆಯ ಮಾತು, ಕ್ಯಾಲೆಂಡರುಗಳಲ್ಲಿ, ವಾಗ್ದಾನದ ಕಾರ್ಡುಗಳಲ್ಲಿ ಕಾಣುತ್ತದೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಅದನ್ನು ಓದದವರು ಬರುವ ತಿಂಗಳ ನೌಕರಿಗೆ ಆ ವಚನ ಹಿಡಿದು, ಸಿಗದಿದ್ದಾಗ ದೇವರು ಮಾತು ತಪ್ಪಿದನೆನ್ನುತ್ತಾರೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಫಿಲಿಪ್ಪಿ 4:13 ಕೂಡ ಹೀಗೆಯೇ. ಹಿಂದಿನ ವಚನದಲ್ಲಿ, ಆ ಪತ್ರ ಬರೆದ ಅಪೊಸ್ತಲ ಪೌಲನು ಹಸಿವು, ಕೊರತೆಗಳ ಮಾತಾಡುತ್ತಿದ್ದಾನೆ. ಪರೀಕ್ಷೆಯಲ್ಲಿ ರ‍್ಯಾಂಕ್ ಬರುವ ಮಾತಲ್ಲ ಅದು.

‘ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನರು ಹಾಗೆ ತೆರೆದೇ ಅಲ್ಲವೇ ಬದಲಾದದ್ದು?’ ಎಂದು ಕೆಲವರು ಕೇಳುತ್ತಾರೆ. 386ರಲ್ಲಿ ಮಿಲಾನಿನ ತೋಟದಲ್ಲಿ ಅವರು ಪೌಲನು ರೋಮಾಪುರದವರಿಗೆ ಬರೆದ ಪತ್ರದ 13:13–14 ಓದಿದ್ದು ನಿಜ. ಆದರೆ ಅದಕ್ಕೆ ಮೊದಲೇ ಪೌಲನ ಪತ್ರಗಳನ್ನು ಓದುತ್ತಿದ್ದರು, ಬಿಷಪ್ ಆಂಬ್ರೋಸರ ಪ್ರಸಂಗಗಳನ್ನು ಕೇಳುತ್ತಿದ್ದರು. ಆ ಎರಡು ವಚನ ಬಿದ್ದದ್ದು ಉತ್ತ ಹೊಲದಲ್ಲಿ.

ನಾಲ್ಕು ಸುವಾರ್ತೆಗಳಲ್ಲಿ ವ್ಯತ್ಯಾಸ ಇದೆಯಲ್ಲ? ನಂಬುವುದು ಹೇಗೆ?

ವ್ಯತ್ಯಾಸ ಇದೆ, ಮುಚ್ಚಿಡಬೇಕಾಗಿಲ್ಲ. ಮೇಲಿನ ಕಥೆಯನ್ನೇ ಲೂಕ 5:19ರಲ್ಲಿ ಓದಿ: ಮಾರ್ಕ ‘ಅಗೆದು’ ಎನ್ನುವಲ್ಲಿ ಲೂಕ ಹೆಂಚಿನ ಮಾತಾಡುತ್ತಾನೆ. ಹೆಂಚಿನ ಮನೆ ಕಂಡ ಊರಿನ ಓದುಗರಿಗೆ ತಿಳಿಯುವಂತೆ ಹೇಳಿದನೆಂಬುದು ಹಲವು ವಿದ್ವಾಂಸರ ವಿವರಣೆ. ಘಟನೆ, ಮಾತು, ಆಕ್ಷೇಪ ಎರಡರಲ್ಲೂ ಒಂದೇ. ವ್ಯತ್ಯಾಸ ಕಂಡಾಗ ಎರಡನ್ನೂ ಅಕ್ಕಪಕ್ಕ ಬರೆದು, ಬದಲಾದದ್ದು ವಿವರವೋ ವಿಷಯವೋ ನೋಡಿ. ಕೆಲವಕ್ಕೆ ಸುಲಭದ ಉತ್ತರ ಸಿಗುವುದಿಲ್ಲ. ಅವನ್ನು ಬಲಪುಟದಲ್ಲಿ ಹಾಗೆಯೇ ಉಳಿಸಿ.

ಮಾರ್ಕ 16:9–20 ಮತ್ತು ಯೋಹಾನ 7:53–8:11ಕ್ಕೆ ಹಲವು ಆವೃತ್ತಿಗಳಲ್ಲಿ ಕಂಸ ಅಥವಾ ಅಡಿಟಿಪ್ಪಣಿ ಇರುತ್ತದೆ. ಅತಿ ಹಳೆಯ ಕೈಬರಹದ ಪ್ರತಿಗಳಲ್ಲಿ ಆ ಭಾಗಗಳಿಲ್ಲ ಎಂದು ಅದರ ಅರ್ಥ. ಅಡಿಟಿಪ್ಪಣಿಗಳನ್ನು ಹಾರಿಸದೆ ಓದಿ. ಯೇಸು ಸತ್ತು ಮತ್ತೆ ಎದ್ದರೆಂಬ ಪುನರುತ್ಥಾನದ ಸಾಕ್ಷಿ ಮಾರ್ಕನ ಆ ಹನ್ನೆರಡು ವಚನದ ಮೇಲೆ ನಿಂತಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15:3–8ರಲ್ಲಿ ಪೌಲನು ಸಾಕ್ಷಿಗಳ ಪಟ್ಟಿ ಕೊಟ್ಟು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಆ ಪತ್ರ ಸುಮಾರು ಕ್ರಿ.ಶ. 55ರದ್ದು.

ಹಳೆಯ ಒಡಂಬಡಿಕೆಗೆ ಯಾವಾಗ ಹೋಗಬೇಕು?

ಮಾರ್ಕ ಮುಗಿದು ಲೂಕ ಅಥವಾ ಯೋಹಾನ ಓದುವಾಗ ನಡುನಡುವೆ ಇವನ್ನು ಸೇರಿಸಿ: ಆದಿಕಾಂಡ 1–3, 12, 15, 22, ವಿಮೋಚನಕಾಂಡ 12, 20, ಕೀರ್ತನೆ 22, 23, 51, ಯೆಶಾಯ 53. ಕೀರ್ತನೆ 22 ಓದಿ ಮಾರ್ಕ 15:34ಕ್ಕೆ ಬಂದರೆ ಶಿಲುಬೆಯ ಮೇಲಿನ ಕೂಗು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಯೆಹೋಶುವ ಎಂಬ ಪುಸ್ತಕದ ಯುದ್ಧಗಳು ಮನಸ್ಸು ಕಲಕುವುದು ಸಹಜ. ಅವು ಕಠಿಣ ಪುಟಗಳು, ಒಂದು ವಾಕ್ಯದಲ್ಲಿ ಬಗೆಹರಿಯುವಂಥವಲ್ಲ. ಮೊದಲ ವರ್ಷ ಅವನ್ನು ಒಬ್ಬರೇ ಹೊರಲು ಹೋಗಬೇಡಿ.

ನನಗೆ ಪ್ರಾರ್ಥನೆ ಬರುವುದಿಲ್ಲ. ನಂಬಿಕೆ ಇಲ್ಲದೆ ಪ್ರಾರ್ಥಿಸಿದರೆ ಮೋಸವಾಗದೇ?

ಇದ್ದದ್ದನ್ನು ಇದ್ದಂತೆ ಹೇಳಿದರೆ ಮೋಸವಿಲ್ಲ. ‘ದೇವರೇ, ನೀನಿದ್ದೀಯೋ ಗೊತ್ತಿಲ್ಲ; ಇದ್ದರೆ ಈ ಪುಟದಲ್ಲಿ ತೋರಿಸು’ ಎಂದು ಓದುವ ಮುಂಚೆ ಹೇಳಿ. ಮಾರ್ಕ 9:24ರಲ್ಲಿ ರೋಗಿ ಮಗನ ತಂದೆ ನಂಬುತ್ತೇನೆ ಎನ್ನುತ್ತಲೇ ಅಪನಂಬಿಕೆಗೆ ಸಹಾಯ ಬೇಡುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಲೂಕ 18:13ರ ಸುಂಕದವನ ಪ್ರಾರ್ಥನೆ ಒಂದೇ ಸಾಲು. ಕಲಿತು ಹೇಳಲು ಬೇಕೆಂದರೆ ಮತ್ತಾಯ 6:9–13.

ಬರೀ ಓದಿನಿಂದ ಯಾರಿಗಾದರೂ ವಿಶ್ವಾಸ ಹುಟ್ಟಿದ್ದುಂಟೇ? ಎಷ್ಟು ದಿನ ಬೇಕು?

ಉಂಟು, ಆದರೆ ದಿನ ಗೊತ್ತುಮಾಡಲಾಗದು. ಪಂಡಿತಾ ರಮಾಬಾಯಿಯವರನ್ನೇ ನೋಡಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ತಂದೆತಾಯಿಯಿಂದ ಸಂಸ್ಕೃತ ಕಲಿತವರು. ಅಸ್ಸಾಮಿನ ಸಿಲ್ಚಾರಿನಲ್ಲಿ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರುವ ನೀರಿನ ಸಂಸ್ಕಾರ. ಆದರೆ ಆಗ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನೇ ಸಿಕ್ಕಿದ್ದು ಸುಮಾರು ಎಂಟು ವರ್ಷದ ನಂತರ ಎಂದು ಅವರೇ ಮುಂದೆ ಬರೆದರು. ಬೈಬಲನ್ನು ಮರಾಠಿಗೆ ಅನುವಾದಿಸುವ ಕೆಲಸ 1922ರಲ್ಲಿ ತೀರಿಕೊಳ್ಳುವ ತನಕವೂ ಅವರ ಕೈಯಲ್ಲಿತ್ತು. ಎಂಟು ವಾರದಲ್ಲಿ ಮಾರ್ಕ ಮುಗಿಯಿತು, ನನಗೇನೂ ಆಗಲಿಲ್ಲ ಎಂದು ಬೇಸರಪಡುವವರು ಆ ಎಂಟು ವರ್ಷವನ್ನು ನೆನೆಯಬೇಕು.

ವಿಶ್ವಾಸ ಬಂದಿದೆ ಎಂದು ತಿಳಿಯುವುದು ಹೇಗೆ? ಕನಸು, ಕಣ್ಣೀರು ಬರಬೇಕೇ?

ಬರಬಹುದು, ಬರದಿರಬಹುದು. ಅದನ್ನು ಅಳತೆಗೋಲು ಮಾಡಬೇಡಿ. ನೋಟ್‌ಬುಕ್ಕಿನ ಬಲಪುಟಗಳನ್ನು ಮೊದಲಿಂದ ಓದಿ ನೋಡಿ. ಮೊದಲ ವಾರಗಳಲ್ಲಿ ‘ಯೇಸು ಹೀಗೆ ಹೇಳಿದರು’ ಎಂದಿದ್ದದ್ದು ಒಂದು ಹಂತದಲ್ಲಿ ‘ನೀನು’ ಎಂದು ತಿರುಗಿರುತ್ತದೆ. ಅವರ ಬಗ್ಗೆ ಬರೆಯುತ್ತಿದ್ದವರು ಅವರೊಂದಿಗೆ ಮಾತಾಡಲು ಶುರುಮಾಡಿರುತ್ತೀರಿ. ಇನ್ನೊಂದು ಗುರುತು, ಹಳೆಯ ತಪ್ಪೊಂದನ್ನು ಸರಿಪಡಿಸಲೇಬೇಕೆಂದು ಒಳಗಿನಿಂದ ಎದ್ದ ಒತ್ತಾಯ: ಕೊಡಬೇಕಾದ ಹಣ, ಕೇಳಬೇಕಾದ ಕ್ಷಮೆ. ಹಳೆಯ ಸತ್ಯವೇದ ಇದನ್ನೇ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎನ್ನುತ್ತದೆ. ರೋಮಾಪುರದವರಿಗೆ 10:9 ಓದಿ, ಅದನ್ನು ನಿಮ್ಮ ಬಾಯಿಂದ ಪ್ರಾಮಾಣಿಕವಾಗಿ ಹೇಳಬಲ್ಲಿರಾ ನೋಡಿಕೊಳ್ಳಿ.

ಒಬ್ಬನೇ ಓದಿಕೊಂಡರೆ ಸಾಲದೇ? ಸಭೆಗೆ ಯಾಕೆ ಹೋಗಬೇಕು?

ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯ 53 ಓದುತ್ತಿದ್ದಾನೆ. ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪನು ಕೇಳಿದರೆ, ತಿಳಿಸಿಕೊಡುವವರಿಲ್ಲದೆ ಹೇಗೆ ಎನ್ನುತ್ತಾನೆ. 17:11ರಲ್ಲಿ ಬೆರೋಯದವರು ಪೌಲನು ಹೇಳಿದ್ದನ್ನೇ ದಿನವೂ ಶಾಸ್ತ್ರ ತೆಗೆದು ಪರೀಕ್ಷಿಸುತ್ತಾರೆ, ಅದಕ್ಕಾಗಿ ಹೊಗಳಿಕೆ ಪಡೆಯುತ್ತಾರೆ. ಎರಡೂ ಬೇಕು. ಒಬ್ಬರೇ ಓದಿದವರ ತಪ್ಪುಗಳನ್ನು ತಿದ್ದುವವರಿರುವುದಿಲ್ಲ. ಬರೀ ಕೇಳಿದವರು ಬೋಧಕರ ತಪ್ಪನ್ನೂ ನುಂಗುತ್ತಾರೆ.

ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಕಥೋಲಿಕ, ಮೆಥೊಡಿಸ್ಟ್, ಬ್ರದರನ್, ಪೆಂತೆಕೋಸ್ತ್, ಯಾವುದಕ್ಕಾದರೂ ಮೊದಲು ನಾಲ್ಕೈದು ಭಾನುವಾರ ಸುಮ್ಮನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಬೈಬಲಿನ ಒಂದು ಭಾಗ ತೆಗೆದು ಅದನ್ನೇ ವಿವರಿಸುತ್ತಾರೋ, ಒಂದು ವಚನ ಹಿಡಿದು ಬೇರೆಲ್ಲೋ ಹೋಗುತ್ತಾರೋ? ನಿಮ್ಮ ಪ್ರಶ್ನೆಗೆ ಸಿಟ್ಟಾಗುತ್ತಾರೋ? ಕಾಣಿಕೆ ಕೊಟ್ಟರೆ ರೋಗ ವಾಸಿ, ಸಾಲ ಪರಿಹಾರ ಎನ್ನುವ ಕಡೆಯಿಂದ ಎದ್ದು ಬನ್ನಿ. ಔಷಧಿ ಬಿಡಿ ಎನ್ನುವವರ ಮಾತನ್ನು ಎಂದೂ ಕೇಳಬೇಡಿ.

ಮನೆಯಲ್ಲಿ ಒಪ್ಪುವುದಿಲ್ಲ. ಏನು ಮಾಡಲಿ?

ಕದ್ದು ಓದಬೇಡಿ, ವಾದಕ್ಕೂ ಇಳಿಯಬೇಡಿ. ಏನು ಓದುತ್ತಿದ್ದೀರೆಂದು ಕೇಳಿದರೆ ಹೇಳಿ, ಬೇಕಿದ್ದರೆ ಮಾರ್ಕನನ್ನೇ ಓದಲು ಕೊಡಿ. ಮನೆಯ ದೇವರನ್ನು, ಹಿರಿಯರ ಆಚರಣೆಯನ್ನು ಹೀಯಾಳಿಸುವುದು ವಿಶ್ವಾಸದ ಗುರುತಲ್ಲ. ಅಮ್ಮನ ಆಸ್ಪತ್ರೆಯ ಓಡಾಟಕ್ಕೆ ಮೊದಲಿಗಿಂತ ಹೆಚ್ಚು ನಿಲ್ಲುವ ಮಗ ಅಥವಾ ಮಗಳನ್ನು ಮನೆಯವರು ನಿಧಾನವಾಗಿಯಾದರೂ ಗಮನಿಸುತ್ತಾರೆ. ಹೊಡೆತ, ಬೆದರಿಕೆಯ ಮಟ್ಟಕ್ಕೆ ಹೋದರೆ ಮಾತ್ರ ಒಬ್ಬರೇ ಸಹಿಸಿಕೊಂಡಿರಬೇಡಿ, ನೀವು ನಂಬುವ ಹಿರಿಯರಿಗೆ ತಿಳಿಸಿ.

ದೀಕ್ಷಾಸ್ನಾನ ಯಾವಾಗ? ಕಾನೂನಿನ ವಿಷಯ ಏನಾದರೂ ಇದೆಯೇ?

ಓದಲು, ನಂಬಲು, ಪ್ರಾರ್ಥಿಸಲು ಯಾರ ಅನುಮತಿಯೂ ಬೇಕಿಲ್ಲ. ಸಂವಿಧಾನದ 25ನೆಯ ವಿಧಿ ಆ ಹಕ್ಕು ಕೊಟ್ಟಿದೆ. ಅಧಿಕೃತವಾಗಿ ಮತ ಬದಲಿಸುವುದು ಬೇರೆ ವಿಷಯ. ಕೆಲವು ರಾಜ್ಯಗಳಲ್ಲಿ ಮುಂಚಿತವಾಗಿ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನಿದೆ. ನೀವಿರುವ ರಾಜ್ಯದಲ್ಲಿ ಆ ದಿನ ಜಾರಿಯಲ್ಲಿರುವುದನ್ನು ವಕೀಲರಲ್ಲಿ ಕೇಳಿಕೊಳ್ಳಿ. ಪರಿಶಿಷ್ಟ ಜಾತಿಯವರು ಒಂದು ಮಾತು ಮೊದಲೇ ತಿಳಿದಿರಬೇಕು: 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದರೆ ಅದು ಉಳಿಯುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಆ ನಿರ್ಬಂಧವಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ನೀರಿಗಿಳಿಸಲು ಅವಸರಪಡುವವರು ನಿಮ್ಮ ಹಿತ ನೋಡುತ್ತಿಲ್ಲ.

ಸಿದ್ಧತೆಯ ತರಗತಿ ಕೇಳಿ ಪಡೆಯಿರಿ. ಕಥೋಲಿಕ ಧರ್ಮಸಭೆಯಲ್ಲಿ ವಯಸ್ಕರಿಗೆ ತಿಂಗಳುಗಟ್ಟಲೆ ಬೋಧನೆ ಕೊಟ್ಟು, ವಾಡಿಕೆಯಂತೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ದೀಕ್ಷಾಸ್ನಾನ ಕೊಡುತ್ತಾರೆ. ಉಳಿದ ಸಭೆಗಳಲ್ಲಿ ಅವಧಿ ಬೇರೆ ಬೇರೆ. ತರಗತಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗೊಯ್ಯಿರಿ. ಬಲಪುಟದಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆಗಳನ್ನು ಒಂದೊಂದಾಗಿ ಪಾದ್ರಿಯವರ ಮುಂದಿಡಿ.